ಸ್ಟಿನ್ಸನ್ ಎಲ್-5ಬಿ ಮಾಡೆಲ್: ಸ್ಟ್ರೆಚರ್ ಬಾಗಿಲು ಕೊಯ್ದ ಮೇಲೆ ಬಾಲ ಭಾರ, ಮೈ ತಿರುಚುತ್ತಿದೆ

ಮೋಡದಂಚು:
ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಪುಟ್ಟ ಸೇನಾ ವಿಮಾನ ಸ್ಟಿನ್ಸನ್ ಎಲ್-5ರ 1:6 ಅಳತೆಯ ರೇಡಿಯೋ ಮಾಡೆಲ್ ಕಟ್ಟಿದ್ದೇನೆ, ರೆಕ್ಕೆ 173 ಸೆಂ.ಮೀ., ಮೈಗೆ 2 ಮಿ.ಮೀ. ಬಾಲ್ಸಾ (ಹಗುರ ಮರ) ಹಾಳೆ. ಎರಡು ತಿಂಗಳು ಚೆನ್ನಾಗಿ ಹಾರಿತು. ಆಮೇಲೆ ಅದರ ಆಂಬುಲೆನ್ಸ್ ಮಾದರಿ (ಎಲ್-5ಬಿ) ಮಾಡೋಣ ಅಂತ ರೆಕ್ಕೆಯ ಹಿಂದೆ ಬಾಗಿಲು ಕೊಯ್ದು ಪ್ಲೈ ಚೌಕಟ್ಟು, ಬಾಗಿಲು ಆಡಿಸುವ ಪುಟ್ಟ ಮೋಟರ್ (ಸರ್ವೋ) ಎಲ್ಲ ಕೂರಿಸಿದೆ. ಒಳಗೆ ಸ್ಟ್ರೆಚರ್ ಮೇಲೆ ಒಂದು ಗೊಂಬೆ. ಈಗ ನೆಲ ಬಿಟ್ಟ ತಕ್ಷಣ ಮೂತಿ ಎತ್ತುತ್ತದೆ, ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಪೂರ್ತಿ ಡೌನ್ ಕೊಟ್ಟರೂ ಸಾಲದು. ಬಾಲ ಹಿಡಿದು ತಿರುಗಿಸಿದರೆ ಟಿಕ್ ಟಿಕ್ ಸದ್ದು. ನಿನ್ನೆ ಬಾಗಿಲ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮೂತಿಗೆ ಸೀಸ ಕಟ್ಟಿ ಹಾರಿಸಬಹುದಾ?

ಹಳೇರೆಕ್ಕೆ:
ದಯವಿಟ್ಟು ಹಾರಿಸಬೇಡಿ. ಮೊದಲು ಬಿರುಕು, ತೂಕ ಆಮೇಲೆ.

ನಿಜವಾದ ಎಲ್-5ರ ಮೈ ವೆಲ್ಡ್ ಮಾಡಿದ ಉಕ್ಕಿನ ಕೊಳವೆಗಳ ಹಂದರ, ಮೇಲೆ ಬರೀ ಬಟ್ಟೆ. ಭಾರ ಹೊರುವುದು ಹಂದರ, ಬಟ್ಟೆಯಲ್ಲ. ನಿಮ್ಮದರಲ್ಲಿ ಹಾಳೆಯೇ ಭಾರ ಹೊರುತ್ತಿತ್ತು, ಅದನ್ನೇ ಕೊಯ್ದಿದ್ದೀರಿ, ಅದಕ್ಕೇ ತಿರುಚುತ್ತಿದೆ. ಸ್ಟಿನ್ಸನ್ ಕಂಪನಿಯವರೂ ಸುಮ್ನೆ ಒಂದು ಕಿಂಡಿ ಕೊಯ್ದು ಬಿಡಲಿಲ್ಲ. ಮೊದಲಿನ ಎಲ್-5ರಲ್ಲಿ ಹಿಂದೆ ಮುಂದೆ ಎರಡೇ ಸೀಟು, ಕೂರಲಾಗದ ಗಾಯಾಳುವನ್ನು ಮಲಗಿಸಿ ಒಯ್ಯುವುದು ಕಷ್ಟ. 1944ರಲ್ಲಿ ಬರ್ಮಾ ಕಾಡಿನಲ್ಲಿ ಜಪಾನೀಯರ ಬೆನ್ನ ಹಿಂದೆ ಹೋರಾಡಿದ ಬ್ರಿಟಿಷ್ ಪಡೆಯ, ಅಂದರೆ ಚಿಂಡಿಟ್, ಗಾಯಾಳು ಸೈನಿಕರನ್ನು ಇಂಥ ಪುಟ್ಟ ವಿಮಾನಗಳೇ ಹೊತ್ತು ತಂದವು, ಆ ಕಥೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಎಲ್-5ಬಿಗೆ ಹಿಂಭಾಗದ ಮೈಯನ್ನೇ ದೊಡ್ಡದು ಮಾಡಿ, ಕೆಳಕ್ಕೆ ಮಡಚುವ ಬಾಗಿಲಿಟ್ಟರು. 185 ಕುದುರೆಶಕ್ತಿಯ ಲೈಕಮಿಂಗ್ ಎಂಜಿನ್, ಒಬ್ಬ ಪೈಲಟ್, ಒಂದು ಸ್ಟ್ರೆಚರ್, ಅಷ್ಟೇ.

ಬಾಗಿಲ ಮೇಲೆ, ಕೆಳಗೆ ಎರಡೂ ಅಂಚಿಗೆ 5 ಮಿ.ಮೀ. ಸ್ಪ್ರೂಸ್ ಮರದ ಕಡ್ಡಿ ಅಂಟಿಸಿ, ಎರಡೂ ಕಡೆ ಒಂದೊಂದು ಫಾರ್ಮರ್ (ಮೈಯೊಳಗಿನ ಅಡ್ಡ ಚೌಕಟ್ಟು) ದಾಟಿಸಿ. ಎಪಾಕ್ಸಿ ಅಂಟು ಹಾಕಿ, ಸಿಎ (ಸೂಪರ್ ಗ್ಲೂ) ಬೇಡ. ಚೌಕ ಮೂಲೆಗಳನ್ನು ದುಂಡಗೆ ಮಾಡಿ, ಬಿರುಕು ಹೊರಡುವುದೇ ಅಲ್ಲಿಂದ.

ಗಾಳಿಪಟ ಶಾಲೆ:
ಅಣ್ಣ ಹೇಳಿದ್ದು ಸರಿ. ತೂಕ ಎಷ್ಟೆಷ್ಟು ಹೇಳಿ, ಸಿಜಿಯಿಂದ (ವಿಮಾನ ಸಮತೂಗುವ ಬಿಂದು) ಎಷ್ಟು ದೂರ ಅಂತಲೂ.

ಮೋಡದಂಚು:
ಬಾಗಿಲು, ಸರ್ವೋ ಸೇರಿ 70 ಗ್ರಾಂ, ಗೊಂಬೆ 60. ಎರಡೂ ಸಿಜಿಯಿಂದ ಸುಮಾರು 25 ಸೆಂ.ಮೀ. ಹಿಂದೆ. ಬ್ಯಾಟರಿ 280 ಗ್ರಾಂ, ಮುಂದೆ ಫೈರ್‌ವಾಲ್‌ವರೆಗೆ (ಎಂಜಿನ್ ಹಿಂದಿನ ಗೋಡೆ) ಇನ್ನೂ 8 ಸೆಂ.ಮೀ. ಜಾಗ ಇದೆ.

ಗಾಳಿಪಟ ಶಾಲೆ:
ಹಾಗಾದರೆ ಸೀಸವೇ ಬೇಡ! ತೂಕವನ್ನು ದೂರದಿಂದ ಗುಣಿಸಿ: 130 ಗ್ರಾಂ 25 ಸೆಂ.ಮೀ. ದೂರಕ್ಕೆ 3250 ಆಯಿತು. ಬ್ಯಾಟರಿ 8 ಸೆಂ.ಮೀ. ಮುಂದೆ ಸರಿಸಿದರೆ 2240 ವಾಪಸ್ ಬಂತು. ಉಳಿದ 1010ಕ್ಕೆ ಗೊಂಬೆಯನ್ನು 17 ಸೆಂ.ಮೀ. ಮುಂದೆ ತನ್ನಿ, ಸರಿಹೋಗುತ್ತದೆ. ಅಸಲಿ ವಿಮಾನದಲ್ಲೂ ಸ್ಟ್ರೆಚರ್ ಪೈಲಟ್ ಬೆನ್ನ ಹಿಂದಿನಿಂದಲೇ ಶುರು, ಪೂರ್ತಿ ಬಾಲದ ಕಡೆ ಅಲ್ಲ. ನಿಮ್ಮ ರೆಕ್ಕೆಯ ಅಗಲ ಸುಮಾರು 23 ಸೆಂ.ಮೀ. ಇರಬೇಕು ಅಲ್ವಾ, ರೆಕ್ಕೆಯ ಮುಂದಿನ ಅಂಚಿನಿಂದ 6 ಸೆಂ.ಮೀ. ಹತ್ತಿರ ಬೆರಳಿಟ್ಟು ಎತ್ತಿ ನೋಡಿ. ಮೂತಿ ಒಂಚೂರು ಕೆಳಗಿದ್ದರೆ ಒಳ್ಳೆಯದು.

ಮೋಡದಂಚು:
ಎಪಾಕ್ಸಿ ಒಂದು ರಾತ್ರಿ ಒಣಗಲು ಬಿಟ್ಟೆ. ಈಗ ತಿರುಚಿದರೆ ಸದ್ದಿಲ್ಲ. ಇವತ್ತು ಬೆಳಗ್ಗೆ ಖಾಲಿ ಒಮ್ಮೆ, ಗೊಂಬೆ ಇಟ್ಟು ಎರಡು ಸಲ ಹಾರಿಸಿದೆ, ಎಲಿವೇಟರ್ ಟ್ರಿಮ್ (ಸಣ್ಣ ಹೊಂದಾಣಿಕೆ) ಎರಡೇ ಕ್ಲಿಕ್ ಬೇಕಾಯಿತು. ಇಳಿದ ಮೇಲೆ ಬಾಗಿಲು ತೆರೆದರೆ ಸ್ಟ್ರೆಚರ್ ಇದ್ದಲ್ಲೇ ಇತ್ತು, ಗೊಂಬೆಯ ಹೊದಿಕೆ ಕೂಡ ಸರಿದಿರಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.