ಕೊಲೊನೋಸ್ಕೋಪಿ ಮಾಡುವಾಗ ಮಧ್ಯ ಮಧ್ಯ ಮಗ್ಗುಲು ತಿರುಗ್ಸೋದು ಯಾಕೆ? ಅವ್ವ ಹೆದ್ರಿ ಕೂತವ್ಳೆ

ಕೆರಗೋಡು_ಹೈದ:
ಎಲ್ರಿಗೂ ನಮಸ್ಕಾರ. ನಮ್ಮವ್ವಂಗೆ 61 ವರ್ಷ, ಎರಡು ತಿಂಗಳಿಂದ ಮೋಷನ್ ಜೊತೆ ರಕ್ತ ಹೋಗ್ತೈತೆ, ಹಿಮೋಗ್ಲೋಬಿನ್ನೂ ಕಮ್ಮಿ ಐತೆ, ಅದ್ಕೆ ಮೈಸೂರಲ್ಲಿ ಡಾಕ್ಟ್ರು ಮುಂದಿನ ವಾರ ಕೊಲೊನೋಸ್ಕೋಪಿಗೆ (ಹಿಂದಿನಿಂದ ಕ್ಯಾಮೆರಾ ಪೈಪು ಬಿಟ್ಟು ದೊಡ್ಡಕರುಳು ನೋಡೋದು) ಬರ್ದವ್ರೆ. ಕರುಳು ಕ್ಲೀನ್ ಮಾಡೋ ಪೌಡರ್ ಕುಡಿಯೋದೆಲ್ಲ ಚೀಟಿಲಿ ಬರ್ದು ಕೊಟ್ಟವ್ರೆ, ಅದು ಡೌಟಿಲ್ಲ. ನಮ್ ದೊಡ್ಡಪ್ಪಂಗೆ ಹೋದ್ವರ್ಷ ಮಾಡ್ದಾಗ ಮೊದ್ಲು ಎಡಮಗ್ಗುಲಿಗೆ ಮಲಗ್ಸಿದ್ರಂತೆ, ಆಮೇಲೆ ಅಂಗಾತ, ಆಮೇಲೆ ಬಲಕ್ಕೆ, ಜೊತೆಗೆ ಒಬ್ರು ಹೊಟ್ಟೆ ಮೇಲೆ ಕೈಯಿಟ್ಟು ಅದುಮಿದ್ರಂತೆ. ಇದ್ನ ಜಗುಲಿ ಮೇಲೆ ಕೂತು ಬಂದೋರ್ಗೆಲ್ಲ ಹೇಳಿ ಹೇಳಿ, ಈಗ ಅವ್ವ "ಪೈಪು ಸಿಕ್ಕಾಕ್ಕೊಂಡ್ರೇನೆ ಹಂಗೆ ಹೊರಳಾಡ್ಸೋದು, ನಾನ್ ಬರಾಕಿಲ್ಲ" ಅಂತವ್ಳೆ. ಸಾಲ್ದು ಅಂತ ಅವ್ಳಿಗೆ ಎಡಭುಜ ಹಿಡ್ಕೊಂಡೈತೆ, ರಾತ್ರಿನೂ ಆ ಮಗ್ಗುಲಿಗೆ ಮಲಗಾಕಾಗಲ್ಲ. 18 ವರ್ಷದ ಹಿಂದೆ ಗರ್ಭಕೋಶ ತೆಗ್ಸಿದೀವಿ. ಏನ್ ಹೇಳಿ ಒಪ್ಪಿಸ್ಲಿ?

ಸ್ಕೋಪ್‌ರೂಂ_ಸಿಸ್ಟರ್:
ನಾನು ಮೈಸೂರಲ್ಲಿ ಎಂಡೋಸ್ಕೋಪಿ ರೂಮಲ್ಲೇ ಕೆಲ್ಸ ಮಾಡೋದು. ಅಮ್ಮಂಗೆ ಮೊದ್ಲು ಹೇಳಿ, ತಿರುಗ್ಸೋದು ಪೈಪು ಸಿಕ್ಕಾಕ್ಕೊಂಡಿದ್ದಕ್ಕಲ್ಲ, ನೋವು ಕಮ್ಮಿ ಆಗ್ಲಿ ಅಂತ, ದಿನಾ ಮಾಡ್ತೀವಿ.

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಅದ್ರಲ್ಲಿ ಎಡಗಡೆ ಕೆಳಗೆ ಸಿಗ್ಮಾಯ್ಡ್ ಅನ್ನೋ ಭಾಗ ಸಡಿಲವಾಗಿ ಓಲಾಡ್ತಿರುತ್ತೆ. ಸ್ಕೋಪ್, ಅಂದ್ರೆ ಆ ಪೈಪು, ಬರೀ ತಳ್ಳಿದ್ರೆ ತುದಿ ಮುಂದೆ ಹೋಗೋ ಬದ್ಲು ಅಲ್ಲಿ ಕರುಳು ಕಮಾನಿನ ಥರ ಎದ್ದುಬಿಡುತ್ತೆ, ಆ ಜಗ್ಗಾಟಕ್ಕೇ ಹೆಚ್ಚಾಗಿ ನೋವು ಬರೋದು. ಲಂಗಕ್ಕೆ ಲಾಡಿ ಪೋಣಿಸ್ತೀವಲ್ಲ, ಪಿನ್ನು ಸ್ವಲ್ಪ ತಳ್ಳಿ ಬಟ್ಟೆನ ಹಿಂದಕ್ಕೆ ನೆರಿಗೆ ಮಾಡ್ಕೊಂಡು ಮತ್ತೆ ತಳ್ಳೋದು, ಡಾಕ್ಟ್ರು ಮಾಡೋದೂ ಹಾಗೇನೇ. ಮಗ್ಗುಲು ಬದಲಾಯಿಸಿದ್ರೆ ಕರುಳಿನ ತಿರುವು ಸಡಿಲ ಆಗುತ್ತೆ, ಹೊಟ್ಟೆ ಮೇಲೆ ಕೈ ಇಡೋದು ಆ ಕಮಾನು ಏಳದೇ ಇರ್ಲಿ ಅಂತ.

ಇನ್ನೊಂದು, ಒಳಗಿರೋ ಗಾಳಿ ಮೇಲಕ್ಕೆ ಹೋಗುತ್ತೆ, ನೀರು ಕೆಳಕ್ಕೆ ನಿಲ್ಲುತ್ತೆ, ಯಾವ ಭಾಗ ನೋಡ್ಬೇಕೋ ಅದು ಮೇಲೆ ಬಂದ್ರೆ ಅರಳಿ ಚೆನ್ನಾಗಿ ಕಾಣುತ್ತೆ. ಬಲಗಡೆ ಕರುಳು ನೋಡಕ್ಕೆ ಎಡಮಗ್ಗುಲು, ಅಡ್ಡ ಇರೋದಕ್ಕೆ ಅಂಗಾತ, ಎಡಗಡೆದಕ್ಕೆ ಬಲಮಗ್ಗುಲು ಅನುಕೂಲ. ಸೂಕ್ಷ್ಮವಾಗಿ ನೋಡೋದೆಲ್ಲ ಸ್ಕೋಪ್ ಹೊರಗೆ ತರುವಾಗ, ಅದಕ್ಕೇ ಕನಿಷ್ಠ 6 ನಿಮಿಷ ಬೇಕು.

ಭುಜದ ವಿಷ್ಯ ಹೋದ ತಕ್ಷಣ ಹೇಳ್ಬಿಡಿ, ಮಲಗಿಸಿದ ಮೇಲಲ್ಲ. ದಿಂಬು ಕೊಟ್ಟು ತೋಳು ಮುಂದಕ್ಕೆ ತೆಗೆದು ಮಲಗಿಸಬಹುದು, ಆಗದೇ ಇದ್ರೆ ಅಂಗಾತ ಶುರು ಮಾಡೋ ಡಾಕ್ಟ್ರೂ ಇದಾರೆ. ಗರ್ಭಕೋಶದ ಆಪರೇಷನ್ ಮರೀಬೇಡಿ, ಅದಾದ ಮೇಲೆ ಕೆಲವ್ರಿಗೆ ಕರುಳು ಕೆಳಗಡೆ ಅಂಟ್ಕೊಂಡು ತಿರುವು ಬಿಗಿಯಾಗಿರುತ್ತೆ, ಮೊದ್ಲೇ ಗೊತ್ತಿದ್ರೆ ನಿಧಾನ ಮಾಡ್ತಾರೆ, ತೆಳು ಸ್ಕೋಪ್ ಕೂಡ ತಗೋಬಹುದು.

ಒಂಟಿಕೊಪ್ಪಲು_ಆಂಟಿ:
ನಂಗೂ ಮಾಡಿದ್ರು ಕಣಪ್ಪ. ಅರೆಮಂಪರು ಅಷ್ಟೇ, ಪೂರ್ತಿ ನಿದ್ದೆ ಕೊಟ್ಟಿರ್ಲಿಲ್ಲ, ಹೊಟ್ಟೆ ಹಿಂಡಿದ ಹಾಗಾಯ್ತು, ನೋವಾಗ್ತಿದೆ ಅಂದೆ, ತಕ್ಷಣ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಎಳೆದ್ರು, ಸಿಸ್ಟರ್ ಮಂಡಿ ಹಿಡ್ಕೊಂಡು ಮೆಲ್ಲಗೆ ಅಂಗಾತ ಮಾಡಿದ್ರು, ಹಿಡಿದಿದ್ದು ಬಿಟ್ಟ ಹಾಗೆ ಹೋಯ್ತು. ನಿಮ್ಮಮ್ಮಂಗೆ ಹಲ್ಲು ಕಚ್ಕೊಂಡು ತಡ್ಕೋಬೇಡಿ ಅನ್ನಿ, ನಮ್ಮ ಕಡೆ ಹೆಂಗಸರು ಅದನ್ನೇ ಮಾಡೋದು. ಗ್ಯಾಸ್ ಬಂದ್ರೆ ಬಿಟ್ಬಿಡ್ಲಿ, ಅಲ್ಲಿ ಯಾರೂ ಏನೂ ಅಂದ್ಕೊಳಲ್ಲ. ಮೇಲೆ ಬಟ್ಟೆ ಹೊದಿಸಿರ್ತಾರೆ, ಮಾನ ಹೋಗುತ್ತೆ ಅನ್ನೋ ಭಯ ಬೇಡ.

ಕೆರಗೋಡು_ಹೈದ:
ಸಿಸ್ಟರ್, ಪೂರ್ತಿ ನಿದ್ದೆ ಕೊಟ್ಬಿಟ್ರೆ ಈ ತೊಂದ್ರೆನೇ ಇರಲ್ವಾ?

ಸ್ಕೋಪ್‌ರೂಂ_ಸಿಸ್ಟರ್:
ನೋವು ಗೊತ್ತಾಗಲ್ಲ, ಆದ್ರೆ ಅಮ್ಮ ತಾವೇ ತಿರುಗಕ್ಕಾಗಲ್ಲ, ನಾವು ತಿರುಗಿಸ್ಬೇಕು, ಭುಜ ಎಳೆದ್ರೂ ಅವ್ರು ಹೇಳಕ್ಕಾಗಲ್ವಲ್ಲ. ಅದಕ್ಕೇ ಮೊದ್ಲೇ ತಿಳಿಸಿ ಅಂದಿದ್ದು. ಯಾವ್ದು ಕೊಡ್ಬೇಕು ಅನ್ನೋದು ಅವ್ರ ಹಾರ್ಟು, ಬಿಪಿ ನೋಡಿ ಡಾಕ್ಟ್ರು ತೀರ್ಮಾನ ಮಾಡ್ತಾರೆ. ರಕ್ತ ಕಮ್ಮಿ ಅಂದ್ರಲ್ಲ, ಐರನ್ ಮಾತ್ರೆ ತಗೋತಿದ್ರೆ ಇವತ್ತೇ ಫೋನ್ ಮಾಡಿ ಕೇಳಿ, ಕೆಲವು ದಿನ ಮುಂಚೆನೇ ನಿಲ್ಲಿಸ್ಬೇಕಾಗುತ್ತೆ, ಇಲ್ಲಾಂದ್ರೆ ಮೋಷನ್ ಕಪ್ಪಗೆ ಅಂಟಂಟಾಗಿ ಕರುಳು ಸರಿಯಾಗಿ ಕ್ಲೀನ್ ಆಗಲ್ಲ.

ಕೆರಗೋಡು_ಹೈದ:
ತಗೋತಾವ್ಳೆ! ಈಗ್ಲೇ ಫೋನ್ ಮಾಡ್ತೀನಿ. ಲಾಡಿ ವಿಷ್ಯ ಓದಿ ಹೇಳ್ದೆ, ಅವ್ವ ಸುಮ್ನೆ ಕೇಳುಸ್ಕೊಂಡು "ಹಂಗಾದ್ರೆ ಆ ಸಿಸ್ಟರ್ ಇರೋ ಕಡೆಗೇ ಕರ್ಕೊಂಡ್ ಹೋಗು" ಅಂದ್ಳು. ಎಡಭುಜ, ಗರ್ಭಕೋಶ ಆಪರೇಷನ್, ಐರನ್ ಮಾತ್ರೆ, ಮೂರೂ ಚೀಟಿ ಹಿಂದೆ ದಪ್ಪಕ್ಷರದಲ್ಲಿ ಬರ್ದಿಟ್ಟಿದೀನಿ.