ಚಿಕ್ಕಪ್ಪನ ಫಾರ್ವರ್ಡ್ ಮತ್ತು 7,500 ಗಂಟೆ

ಬೆಳಿಗ್ಗೆ ಆರಕ್ಕೇ ಚಿಕ್ಕಪ್ಪ ಮನೆಯವರ ಗುಂಪಿಗೆ ಒಂದು ಸಂದೇಶ ಹಾಕಿದ್ದರು. ಮೇಲೆ ಎರಡು ಬಾಣದ ಗುರುತು. ಅಂದರೆ ನಮಗಿಂತ ಮೊದಲು ಎಷ್ಟೋ ಮನೆ ಸುತ್ತಿ ಬಂದದ್ದು.

"ಕೋಡಿಂಗ್ ಬೇಡ! ಅನುಭವ ಬೇಡ! ಕೇವಲ 30 ದಿನಗಳಲ್ಲಿ ಸಿಬಿಎಪಿ ಪ್ರಮಾಣಪತ್ರ ಪಡೆದು ಬಿಸಿನೆಸ್ ಅನಲಿಸ್ಟ್ ಆಗಿ! ಕೆಲಸ 100% ಖಚಿತ! ಸೀಟುಗಳು ಮುಗಿಯುತ್ತಿವೆ! ನಿಮ್ಮ ಮಕ್ಕಳ ಭವಿಷ್ಯಕ್ಕಾಗಿ 10 ಗುಂಪುಗಳಿಗೆ ಕಳಿಸಿ!"

ಅದರ ಕೆಳಗೆ ಚಿಕ್ಕಪ್ಪ ತಾವೇ ಬರೆದ ಸಾಲು: "ಪುಟ್ಟಿ, ನೋಡು. ನಾನು ಹೇಳುತ್ತಲೇ ಇದ್ದೆ."

ಪುಟ್ಟಿ ಅವರ ಮಗಳು. ಕಸ್ಟಮರ್ ಸಪೋರ್ಟ್‌ನಲ್ಲಿದ್ದಾಳೆ. ಬಿಸಿನೆಸ್ ಅನಲಿಸಿಸ್ ಕಡೆಗೆ ಹೋಗಬೇಕು, ಎಲ್ಲಿ ಏನು ಕಲಿಯಲಿ ಅಂತ ಬಹಳ ದಿನದಿಂದ ಯೋಚಿಸುತ್ತಿದ್ದಾಳೆ. ಅವಳು ಯೋಚಿಸುತ್ತಲೇ ಇದ್ದುಬಿಡುತ್ತಾಳೆ ಅನ್ನುವುದು ಚಿಕ್ಕಪ್ಪನ ಚಿಂತೆ. 'ಸೀಟುಗಳು ಮುಗಿಯುತ್ತಿವೆ' ಅನ್ನುವ ಮಾತು ಅವರಿಗೆ ನೇರವಾಗಿ ತಾಗಿದೆ. ಉಳಿದದ್ದನ್ನು ಓದಿದ ಹಾಗೆ ಕಾಣಲಿಲ್ಲ.

ಭಾವ: ಮಾವ, ಇದರ ಮೂಲ ಯಾವುದು? ಸಂಸ್ಥೆಯ ಹೆಸರೇ ಇಲ್ಲವಲ್ಲ.

ಚಿಕ್ಕಪ್ಪ: ಅಳಿಯಂದಿರೇ, ಕೆಳಗೆ ಫೋನ್ ನಂಬರ್ ಇದೆ ನೋಡಿ.

ಭಾವ: ನಂಬರ್ ಇದ್ದರೆ ಮೂಲ ಆಯಿತಾ?

ಚಿಕ್ಕಪ್ಪ: ನನ್ನ ವಾಕಿಂಗ್ ಗೆಳೆಯರು ಕಳಿಸಿದ್ದು. ತಿಳಿದವರು.

ಭಾವ: ಅವರಿಗೆ ಯಾರು ಕಳಿಸಿದರು?

ಚಿಕ್ಕಪ್ಪ: ಅದನ್ನೆಲ್ಲ ಕೇಳೋದಕ್ಕೆ ನಾನೇನು ಪೊಲೀಸಾ?

ನಮ್ಮ ಭಾವ ಪ್ರತಿ ಸಂದೇಶಕ್ಕೂ ಮೂಲ ಕೇಳುತ್ತಾರೆ. ಕೊಟ್ಟರೆ ಓದುತ್ತಾರೆ ಅಂತೇನಿಲ್ಲ. ಕೇಳುವುದು ಅವರ ಪಾಲಿನ ಕೆಲಸ, ಅಷ್ಟೇ. ಅಷ್ಟರಲ್ಲಿ ದೊಡ್ಡಪ್ಪ ಎದ್ದರು.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಈಗಿನವರಿಗೆ ಎಲ್ಲವೂ ಬೇಗ ಬೇಕು. ನಾನು ಲೆಕ್ಕಪತ್ರ ವಿಭಾಗಕ್ಕೆ ಗುಮಾಸ್ತನಾಗಿ ಸೇರಿ, ಲೆಡ್ಜರ್ ಹೊತ್ತು ಹೊತ್ತು ಕಲಿತವನು. ಪ್ರಮಾಣಪತ್ರ ಗೋಡೆಗೆ, ಶಿಸ್ತು ಬದುಕಿಗೆ.

ದೊಡ್ಡಪ್ಪ: ಅಂದಹಾಗೆ ಈ ಅನಲಿಸಿಸ್ ಅಂದರೆ ಚಾರ್ಟ್ ಹಾಕುವ ಕೆಲಸ ಅಲ್ವಾ? ಎಕ್ಸೆಲ್ ಬಂದರೆ ಸಾಕಲ್ಲ.

ಗುಂಡಣ್ಣ: ಮಾವ, ನನ್ನ ಕೋಬಾಲ್ ಕ್ಲಾಸ್ ನೆನಪಿದೆಯಾ? 1999!

ಶುರುವಾಯಿತು. ಕೋಬಾಲ್ ಅಂದರೆ ಹಳೇ ಕಾಲದ ಒಂದು ಪ್ರೋಗ್ರಾಮಿಂಗ್ ಭಾಷೆ. ಗುಂಡಣ್ಣ ಅತ್ತೆಯ ಮಗ. ಯಾವ ಮಾತು ಬಂದರೂ ಅವನು ಹಳೇ ಕಾಲಕ್ಕೆ ಹೋಗುತ್ತಾನೆ, ಜೊತೆಗೆ ಗುಂಪನ್ನೂ ಎಳೆದುಕೊಂಡು ಹೋಗುತ್ತಾನೆ.

ಗುಂಡಣ್ಣ: ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದಾರೆ, 2000 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಳ್ಳುತ್ತದೆ, ಸರಿ ಮಾಡುವುದಕ್ಕೆ ಜನ ಸಾಲದು, ಕೋಬಾಲ್ ಕಲಿತವರಿಗೆ ಕೆಲಸವೋ ಕೆಲಸ ಅಂತ ಎಲ್ಲ ಕಡೆ ಜಾಹೀರಾತು. ನಾನೂ ಸೇರಿದೆ. ನನ್ನ ಕೋರ್ಸ್ ಮುಗಿದದ್ದು 2000ದ ಮಾರ್ಚ್‌ನಲ್ಲಿ.

ಅತ್ತೆ: ಅದಕ್ಕೆ ದುಡ್ಡು ಕೊಟ್ಟವಳು ನಾನು. ಇವತ್ತಿಗೂ ವಾಪಸ್ ಬಂದಿಲ್ಲ.

ಗುಂಡಣ್ಣ: ಅಮ್ಮಾ, ಗುಂಪಿನಲ್ಲಿ ಬೇಡ.

ಆಮೇಲೆ ಅವನು ಆ ಕ್ಲಾಸಿನ ಫೋಟೊ ಹಾಕಿದ. ಕೈಯಲ್ಲಿ ಫ್ಲಾಪಿ, ತಲೆ ತುಂಬ ಕೂದಲು. ಅದರ ಮೇಲೆ ಚರ್ಚೆ ನಡೆಯಿತು. ಇಡೀ ದಿನದಲ್ಲಿ ಜಾಸ್ತಿ ಜನ ಮಾತಾಡಿದ್ದು ಆ ಕೂದಲಿನ ಬಗ್ಗೆಯೇ.

ಅದರ ನಡುವೆ ಒಂದು ಸಾಲು ಬಂದು ಹೋಯಿತು.

ಪುಟ್ಟಿ: ಸಿಬಿಎಪಿಗೆ ಅನುಭವ ಬೇಕೇ ಬೇಕು ಅಂತ ಎಲ್ಲೋ ಓದಿದ್ದೆ. ಯಾರಿಗಾದರೂ ಗೊತ್ತಾ?

ದೊಡ್ಡಪ್ಪ ಅದಕ್ಕೆ ಹೆಬ್ಬೆರಳು ಒತ್ತಿದರು. ಉತ್ತರ ಯಾರೂ ಕೊಡಲಿಲ್ಲ. ಚಿಕ್ಕಪ್ಪನ ಮನಸ್ಸು ಇನ್ನೂ ಮೂಲದ ಮಾತಿನಲ್ಲೇ ಇತ್ತು.

ಚಿಕ್ಕಪ್ಪ: ಒಂದು ಕೇಳುತ್ತೇನೆ ಅಳಿಯಂದಿರೇ. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಆ ಪಿಎಂಪಿ ಪ್ರಮಾಣಪತ್ರ ಮಾಡು, ಮ್ಯಾನೇಜರ್ ಆಗುತ್ತೀಯ ಅಂತ ನಮ್ಮ ಗುಂಡನ ತಲೆಗೆ ತುಂಬಿದ್ದು ಯಾರು? ಆಗ ಮೂಲ ಕೊಟ್ಟಿದ್ದಿರಾ?

ಭಾವ: ಅದು ನನ್ನ ಸ್ವಂತ ಅನುಭವದಿಂದ ಹೇಳಿದ್ದು.

ಗುಂಡಣ್ಣ: ಪ್ರಾಜೆಕ್ಟ್ ನಡೆಸಿದ ಅನುಭವ ತೋರಿಸಿದರೆ ಮಾತ್ರ ಪರೀಕ್ಷೆ ಅಂತಿತ್ತು. ನನ್ನ ಹತ್ತಿರ ಎಲ್ಲಿತ್ತು? ಅರ್ಜಿನೇ ಹಾಕಲಿಲ್ಲ.

ಪುಟ್ಟಿ ಕೇಳಿದ್ದಕ್ಕೆ ಉತ್ತರ ಹೆಚ್ಚುಕಡಿಮೆ ಇದೇ. ಗುಂಡಣ್ಣನಿಗೂ ಅದು ಹೊಳೆಯಲಿಲ್ಲ.

ಭಾವ: ಸರಿ. ಪ್ರಶ್ನೆ ಕೇಳುವುದೇ ತಪ್ಪು ಅನ್ನುವುದಾದರೆ ನಾನು ಈ ಗುಂಪಿನಲ್ಲಿ ಇರುವುದೇ ಬೇಡ.

ಅತ್ತೆ: ಹೋದ ಸಲ ಬಿಟ್ಟು ಹೋದಾಗ ವಾಪಸ್ ಸೇರಿಸಿದ್ದು ನಾನು. ಈ ಸಲ ಸೇರಿಸೋದಿಲ್ಲ, ಈಗಲೇ ಹೇಳಿದ್ದೇನೆ.

ಭಾವ ಹೋಗಲಿಲ್ಲ.

ಈ ಗುಂಪಿನಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿ ಕೆಲಸ ಮಾಡುವವಳು ನಾನೊಬ್ಬಳೇ. ಅದು ಯಾರಿಗೂ ನೆನಪಿಲ್ಲ. ಮನೆಯವರ ಲೆಕ್ಕದಲ್ಲಿ ನಾನು 'ಕಂಪ್ಯೂಟರ್‌ನಲ್ಲಿ' ಇದ್ದೇನೆ. ಪ್ರಿಂಟರ್ ಕೆಟ್ಟಾಗ ಫೋನ್ ಬರುತ್ತದೆ. ಸುಮ್ನೆ ನೋಡುತ್ತಾ ಇದ್ದೆ. ಆದರೆ ಪುಟ್ಟಿಯ ಪ್ರಶ್ನೆ ಹಾಗೇ ಬಿದ್ದಿತ್ತಲ್ಲ, ಅದಕ್ಕೆ ಬರೆದೆ.

ನಾನು: ಪುಟ್ಟಿ, ನೀನು ಓದಿದ್ದು ಸರಿ. ಸಿಬಿಎಪಿ ಕೊಡುವುದು ಐಐಬಿಎ, ಬಿಸಿನೆಸ್ ಅನಲಿಸ್ಟ್‌ಗಳ ಅಂತರರಾಷ್ಟ್ರೀಯ ಸಂಘ. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾದ ಸಂಸ್ಥೆ. ಆ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ 10 ವರ್ಷಗಳಲ್ಲಿ 7,500 ಗಂಟೆ ಈ ಕೆಲಸ ಮಾಡಿರಬೇಕು. 30 ದಿನ ರೆಪ್ಪೆ ಮುಚ್ಚದೆ ದುಡಿದರೂ ಆಗುವುದು 720 ಗಂಟೆ. ಅದಕ್ಕಿಂತ ಕೆಳಗಿನ ಸಿಸಿಬಿಎಗೂ ಹಿಂದಿನ 7 ವರ್ಷಗಳಲ್ಲಿ 3,750 ಗಂಟೆ ಕೇಳುತ್ತಾರೆ. ಹೊಸಬರಿಗೆ ಇರುವುದು ಇಸಿಬಿಎ. ಅದಕ್ಕೆ ಕೆಲಸದ ಅನುಭವ ಬೇಡ. ಪಿಎಂಪಿ ಕೊಡುವ ಪಿಎಂಐ ಸಂಸ್ಥೆಯ ಪಿಎಂಐ-ಪಿಬಿಎ ಅಂತ ಇನ್ನೊಂದಿದೆ, ಅದಕ್ಕೂ ಅನುಭವ ಬೇಕು. ಬ್ರಿಟನ್ನಿನ ಕಂಪ್ಯೂಟರ್ ವೃತ್ತಿಪರರ ಸಂಘ ಬಿಸಿಎಸ್‌ನವರ ಫೌಂಡೇಶನ್ ಮಟ್ಟದಿಂದಲೂ ಶುರು ಮಾಡಬಹುದು. ಮುಂದೆ ಅವರ ಡಿಪ್ಲೊಮಾ ಬೇಕಾದರೆ ಮೌಖಿಕ ಪರೀಕ್ಷೆಯೂ ಇರುತ್ತದೆ.

ನಾನು: ದೊಡ್ಡಪ್ಪ, ಚಾರ್ಟ್ ಹಾಕುವುದು ಹೆಚ್ಚಾಗಿ ಡೇಟಾ ಅನಲಿಸ್ಟ್‌ಗಳ ಕೆಲಸ. ನಮ್ಮದು ಬೇರೆ. ಕಂಪನಿಯವರು 'ಹೊಸ ಆ್ಯಪ್ ಬೇಕು' ಅಂತ ಬರುತ್ತಾರೆ. ಹೋಗಿ ನೋಡಿದರೆ, ಒಂದು ಅರ್ಜಿ ಸುಮ್ನೆ ಮೂರು ಜನರ ಸಹಿಗೆ ಕಾಯುತ್ತಿರುತ್ತದೆ. ಆ್ಯಪ್ ಮಾಡಿಕೊಟ್ಟರೂ ಅದು ಅಲ್ಲೇ ಕಾಯುತ್ತದೆ. ನಿಜವಾಗಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿ, ನೋಡಿ ಕಂಡುಹಿಡಿಯಬೇಕು. ಏನು ಬದಲಾಗಬೇಕು ಅನ್ನುವುದನ್ನು ಕೆಲಸ ಮಾಡುವವರಿಗೂ ಕೋಡ್ ಬರೆಯುವವರಿಗೂ ಒಂದೇ ಅರ್ಥ ಬರುವ ಹಾಗೆ ಬರೆಯಬೇಕು. ಆದ ಮೇಲೆ ತೊಂದರೆ ಕಡಿಮೆಯಾಯಿತಾ ಅಂತ ಮತ್ತೆ ನೋಡಬೇಕು.

ನಾನು: ಹಾಗಾಗಿ ಪುಟ್ಟಿ, ಕೋರ್ಸಿನ ಪಠ್ಯದಲ್ಲಿ ಬರೀ ಎಸ್‌ಕ್ಯೂಎಲ್, ಎಕ್ಸೆಲ್, ಪವರ್ ಬಿಐ ಥರದ ಡೇಟಾ ಸಾಧನಗಳೇ ಇದ್ದರೆ ಅದು ಬೇರೆ ಕೆಲಸದ ತಯಾರಿ. ಅವೂ ಉಪಯೋಗಕ್ಕೆ ಬರುತ್ತವೆ, ಆದರೆ ಅವೇ ಎಲ್ಲ ಅಲ್ಲ. ಐಐಬಿಎಯ ಬ್ಯಾಬಾಕ್ ಅನ್ನುವ ಕೈಪಿಡಿ ಇದೆ, ಮೂರನೇ ಆವೃತ್ತಿ 2015ರದು. ಕೆಲಸವನ್ನು 6 ಭಾಗ ಮಾಡಿ, 50 ವಿಧಾನಗಳನ್ನು ಕೊಟ್ಟಿದ್ದಾರೆ. ಆ 50ನ್ನೂ ಬಾಯಿಪಾಠ ಮಾಡಿಸುವ ಕಡೆ ಹೋಗಬೇಡ. ಐದೇ ವಿಧಾನ ಕಲಿಸಲಿ, ನಿನ್ನ ಕೈಯಲ್ಲಿ ಬರೆಸಿ, ಕೆಂಪು ಗೆರೆ ಎಳೆದು ವಾಪಸ್ ಕೊಡುವವರು ಸಿಕ್ಕರೆ ಅಲ್ಲಿ ಸೇರು. ಕಲಿಸುವವರು ಸ್ವತಃ ಈ ಕೆಲಸ ಮಾಡಿದವರಾ ಅಂತಲೂ ಕೇಳು.

ಚಿಕ್ಕಪ್ಪ: ಇಷ್ಟುದ್ದ ಬರೆದರೆ ಯಾರಮ್ಮ ಓದುತ್ತಾರೆ?

ಭಾವ: ಮೂಲ?

ನಾನು: ಗಂಟೆಯ ಲೆಕ್ಕ ಐಐಬಿಎ ವೆಬ್‌ಸೈಟಿನಲ್ಲಿದೆ ಭಾವ. ಉಳಿದದ್ದು ನಾನು ದಿನಾ ಮಾಡುವ ಕೆಲಸ.

ಅತ್ತೆ: ನೀನು ಕಂಪ್ಯೂಟರ್‌ನಲ್ಲಿ ಅಲ್ವಾ ಇರೋದು?

ದೊಡ್ಡಪ್ಪ: ನಾನು ಬೆಳಿಗ್ಗೆ ಹೇಳಿದ್ದೂ ಇದನ್ನೇ.

ಪುಟ್ಟಿ ನನಗೆ ಬೇರೆಯಾಗಿ ಬರೆದಳು. ಅವಳ ಪ್ರಶ್ನೆ ಗುಂಪಿನವರ ಎಲ್ಲ ಪ್ರಶ್ನೆಗಳಿಗಿಂತ ಚೆನ್ನಾಗಿತ್ತು. ಸಪೋರ್ಟ್‌ನಲ್ಲಿ ದಿನಾ ಗ್ರಾಹಕರ ದೂರಿನ ಟಿಕೆಟ್ ನೋಡುತ್ತೇನಲ್ಲ ಅಕ್ಕ, ಅದು ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿದಳು. ಟಿಕೆಟ್ ಮುಚ್ಚಿದ್ದು ಬರುವುದಿಲ್ಲ ಅಂದೆ. ಆದರೆ ಅದೇ ದೂರು ಯಾಕೆ ಮತ್ತೆ ಮತ್ತೆ ಬರುತ್ತಿದೆ ಅಂತ ಹುಡುಕಿ, ಈಗಿನ ಕೆಲಸದ ಹಾದಿಯನ್ನು ಹಂತ ಹಂತವಾಗಿ ಬಿಡಿಸಿ, ಎಲ್ಲಿ ಏನು ಬದಲಾಗಬೇಕು ಅಂತ ಬರೆದುಕೊಟ್ಟರೆ ಅದು ಈ ಕೆಲಸವೇ. ಕೆಲಸ ಹುಡುಕುವಾಗ ತೋರಿಸುವುದಕ್ಕೂ ಅದು ಪ್ರಮಾಣಪತ್ರಕ್ಕಿಂತ ಗಟ್ಟಿ. ಕೋರ್ಸಿಗೆ ಸೇರುವ ಮೊದಲೇ ಅಂಥದ್ದೊಂದನ್ನು ಬರೆಯಲು ಹೇಳಿದೆ. ಹಾಗೆ ಮಾಡಿದರೆ ತನಗೆ ಏನು ಬರುವುದಿಲ್ಲ ಅನ್ನುವುದು ಅವಳಿಗೇ ಗೊತ್ತಾಗುತ್ತದೆ. ಯಾವ ಕೋರ್ಸ್ ಅನ್ನುವುದನ್ನು ಆಮೇಲೆ ನೋಡಿದರಾಯಿತು.

ಸಂಜೆ ಪುಟ್ಟಿ ಮತ್ತೆ ಗುಂಪಿಗೆ ಬಂದಳು.

ಪುಟ್ಟಿ: ಅಪ್ಪ ಕಳಿಸಿದ ನಂಬರಿಗೆ ಫೋನ್ ಮಾಡಿದೆ. ಸಿಬಿಎಪಿ ಅವರು ಕೊಡುವುದಿಲ್ಲವಂತೆ. ಕ್ಲಾಸ್ ಮುಗಿಸಿದವರಿಗೆ ಅವರದೇ ಒಂದು ಪ್ರಮಾಣಪತ್ರ. ಪರೀಕ್ಷೆ ಶುಲ್ಕ ಬೇರೆ ಕಟ್ಟಬೇಕು, ಅನುಭವದ ಗಂಟೆ ನಾವೇ ನೋಡಿಕೊಳ್ಳಬೇಕು. ಕೆಲಸ ಖಚಿತ ಅಂದರೆ ನಮ್ಮ ರೆಸ್ಯೂಮೆಯನ್ನು ಕಂಪನಿಗಳಿಗೆ ಕಳಿಸುತ್ತಾರಂತೆ. ಬರೆದದ್ದನ್ನು ತಿದ್ದುತ್ತೀರಾ ಅಂತ ಕೇಳಿದೆ. ಎಲ್ಲ ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ಅಂದರು.

ಗುಂಡಣ್ಣ: ನಮ್ಮ ಕೋಬಾಲ್ ಕ್ಲಾಸಿನಲ್ಲಿ ಮೇಷ್ಟ್ರಾದರೂ ಇದ್ದರು.

ಅತ್ತೆ: ಆ ದುಡ್ಡಿನ ವಿಷಯ ಏನಾಯಿತು?

ಚಿಕ್ಕಪ್ಪ: ಪ್ರಮಾಣಪತ್ರ ಕೊಡುತ್ತೇವೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅಳಿಯಂದಿರೇ, ಈಗ ಮೂಲ ಸಿಕ್ಕಿತಲ್ಲ?