ನಾಯಿ ಬಾಯಿ ವಾಸನೆಗೆ ಮನೆಯಲ್ಲೇ ಮಾಡುವ ಸೊಪ್ಪಿನ ಬಿಸ್ಕೆಟ್: ನಿಮ್ಮ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ (ಹಾಸನದ ಸದಸ್ಯರು): ಡಾಕ್ಟ್ರೇ, ನಮ್ಮ ಕರಿಯ ಬೀದಿಯಿಂದ ತಂದು ಸಾಕಿದ ನಾಯಿ. 6 ವರ್ಷ, 14 ಕೆಜಿ. ಇತ್ತೀಚೆಗೆ ಬಾಯಿ ವಿಪರೀತ ವಾಸನೆ, ಮುಖದ ಹತ್ತಿರ ಬಂದರೆ ಉಸಿರು ಕಟ್ಟುತ್ತದೆ. ಊಟ ಏನೋ ಮಾಡುತ್ತಾನೆ, ಬೆಳಿಗ್ಗೆ ರಾಗಿ ಮುದ್ದೆ ಮೊಸರು, ರಾತ್ರಿ ಅನ್ನ ಚಿಕನ್. ಅಂಗಡಿಯ ಡೆಂಟಲ್ ಸ್ಟಿಕ್ ದಿನಾ ಕೊಡುವಷ್ಟು ಅನುಕೂಲ ಇಲ್ಲ. ಹಿತ್ತಲಲ್ಲಿ ಪುದಿನ, ಕೊತ್ತಂಬರಿ, ದೊಡ್ಡಪತ್ರೆ ಎಲ್ಲ ಇದೆ. ಅದನ್ನು ಹಾಕಿ ರಾಗಿ ಬಿಸ್ಕೆಟ್ ಮಾಡಿಕೊಡಬಹುದಾ? ಯಾವುದು ಎಷ್ಟು ಹಾಕಬೇಕು?

ಪಶುವೈದ್ಯರು: ಮಾಡಿಕೊಡಬಹುದು, ಅಳತೆಯನ್ನೂ ಹೇಳುತ್ತೇನೆ. ಆದರೆ ಹಿಟ್ಟು ಕಲಸುವ ಮುಂಚೆ ಒಂದು ಕೆಲಸ ಮಾಡಿ. ಕರಿಯ ಆರಾಮಾಗಿ ಮಲಗಿರುವಾಗ ಪಕ್ಕದಿಂದ ಮೇಲ್ತುಟಿ ಮಾತ್ರ ಎತ್ತಿ, ಬಾಯಿ ತೆರೆಸಲು ಹೋಗಬೇಡಿ. ಕಣ್ಣಿನ ನೇರ ಕೆಳಗೆ ಒಂದು ದೊಡ್ಡ ದವಡೆ ಹಲ್ಲು ಕಾಣುತ್ತದೆ, ಮಾಂಸ ಕತ್ತರಿಸೋದು ಅದೇ. ಅದರ ಬುಡದಲ್ಲಿ ಹಳದಿ ಅಥವಾ ಕಂದು ಕಿಟ್ಟ ಕಟ್ಟಿದೆಯಾ, ವಸಡಿನ ಅಂಚಿನಲ್ಲಿ ಕೆಂಪು ಗೆರೆ ಇದೆಯಾ, ಹತ್ತಿ ಬಟ್ಟೆ ಸುತ್ತಿದ ಬೆರಳಿನಿಂದ ಮೆತ್ತಗೆ ಒರೆಸಿದರೆ ರಕ್ತ ಅಂಟುತ್ತದಾ, ನೋಡಿ. ಎರಡೂ ಪಕ್ಕ ನೋಡಬೇಕು, ಯಾಕಂದ್ರೆ ನಾಯಿ ನೋವಿರುವ ಕಡೆ ಬಿಟ್ಟು ಇನ್ನೊಂದು ಕಡೆ ಅಗಿಯುತ್ತದೆ, ಅಗಿಯದ ಕಡೆ ಕಿಟ್ಟ ಜಾಸ್ತಿ ಇರುತ್ತದೆ. ಫೋಟೋ ತೆಗೆದು ಇಲ್ಲೇ ಹಾಕಿ.

ಇದನ್ನು ಯಾಕೆ ಮೊದಲು ಕೇಳುತ್ತಿದ್ದೇನೆ ಅಂದರೆ, ನಾಯಿ ಬಾಯಿ ವಾಸನೆ ಬಹುಪಾಲು ಹೊಟ್ಟೆಯಿಂದ ಬರಲ್ಲ, ವಸಡಿನ ಸಂದಿಯಿಂದ ಬರುತ್ತದೆ. ಊಟ ಆದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ಪಾಚಿ ಕೂರುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಎರಡು ಮೂರು ದಿನದಲ್ಲಿ ಎಂಜಲಿನ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ, ಅದೇ ಕಿಟ್ಟ, ಅಂದರೆ ಟಾರ್ಟರ್. ನಾಯಿಯ ಎಂಜಲು ನಮ್ಮದಕ್ಕಿಂತ ಕ್ಷಾರ, ಹಾಗಾಗಿ ಅವಕ್ಕೆ ಹುಳುಕು ಹಲ್ಲು ಕಡಿಮೆ, ಕಿಟ್ಟ ಕಟ್ಟೋದು ಜಾಸ್ತಿ. ಕಿಟ್ಟದ ಕೆಳಗೆ, ವಸಡಿನ ಒಳಗೆ, ಗಾಳಿ ಸಿಗದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಗಂಧಕದ ಅನಿಲ ಬಿಡುತ್ತವೆ. ನಿಮಗೆ ಬರುತ್ತಿರುವ ವಾಸನೆ ಅದು. ಪುದಿನ ಅಲ್ಲಿಗೆ ತಲುಪಲ್ಲ. ಅರ್ಧ ಗಂಟೆ ಬಾಯಿ ಘಮ್ ಅನ್ನುತ್ತದೆ, ಆಮೇಲೆ ಮತ್ತೆ ಅದೇ ಕಥೆ. 3 ವರ್ಷ ದಾಟಿದ ಹೆಚ್ಚಿನ ನಾಯಿಗಳಲ್ಲಿ ವಸಡಿನ ತೊಂದರೆ ಒಂದು ಮಟ್ಟಕ್ಕಾದರೂ ಶುರುವಾಗಿರುತ್ತದೆ. ಊಟ ಮಾಡುತ್ತಾನೆ ಅಂದ್ರೆ ನೋವಿಲ್ಲ ಅಂತ ಅಲ್ಲ, ನಾಯಿಗಳು ಹಲ್ಲುನೋವು ಇಟ್ಟುಕೊಂಡೇ ತಿನ್ನುತ್ತವೆ. ಅದರಲ್ಲೂ ಮುದ್ದೆಗೆ ಅಗಿಯುವ ಕೆಲಸವೇ ಇಲ್ಲ.

ಈಗ ಬಿಸ್ಕೆಟ್. ರಾಗಿ ಹಿಟ್ಟು 150 ಗ್ರಾಂ, ಪುಡಿ ಮಾಡಿದ ಓಟ್ಸ್ 50 ಗ್ರಾಂ, ಒಂದು ಮೊಟ್ಟೆ, ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಬಟ್ಟಲು, ಕೊಬ್ಬರಿ ಎಣ್ಣೆ ಒಂದು ಟೀ ಚಮಚ. ಸಣ್ಣಗೆ ಹೆಚ್ಚಿದ ಪುದಿನ ಒಂದು ದೊಡ್ಡ ಚಮಚ, ಕೊತ್ತಂಬರಿ ಸೊಪ್ಪು ಎರಡು ದೊಡ್ಡ ಚಮಚ. ಉಪ್ಪು ಬೇಡ, ಬೆಲ್ಲ ಬೇಡ, ಬೇಕಿಂಗ್ ಸೋಡಾ ಬೇಡ. ರಾಗಿಗೆ ಜಿಗುಟು ಇಲ್ಲ, ಹಾಗಾಗಿ ಮೊಟ್ಟೆ ಮತ್ತು ಗುಂಬಳವೇ ಹಿಡಿದಿಡಬೇಕು. ನೀರು ಬೇಕೆನಿಸಿದರೆ ಚಮಚದ ಲೆಕ್ಕದಲ್ಲಿ ಹಾಕಿ. ತೆಳ್ಳಗೆ ತಟ್ಟಿ ಸುಮಾರು 40 ತುಂಡು ಮಾಡಿ, ಓವನ್ ಇದ್ದರೆ 160 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಆರುವ ತನಕ ಒಳಗೇ ಬಿಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಕಾವಲಿಯಲ್ಲಿ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಎರಡೂ ಕಡೆ ಬೇಯಿಸಿ. ಒಂದು ತುಂಡಿಗೆ ಸುಮಾರು 20 ಕ್ಯಾಲೊರಿ ಬರುತ್ತದೆ. ಕರಿಯನಿಗೆ ದಿನಕ್ಕೆ ಹತ್ತಿರ ಹತ್ತಿರ 800 ಕ್ಯಾಲೊರಿ ಸಾಕು, ಅದರಲ್ಲಿ ತಿಂಡಿ 10 ಪರ್ಸೆಂಟ್ ದಾಟಬಾರದು. ಅಂದರೆ ಹೆಚ್ಚೆಂದರೆ 4 ತುಂಡು, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಮೊದಲ ದಿನ ಅರ್ಧ ತುಂಡು ಕೊಟ್ಟು ಹೊಟ್ಟೆಗೆ ಆಗುತ್ತದಾ ನೋಡಿ.

ದೊಡ್ಡಪತ್ರೆ ಮಾತ್ರ ಹಾಕಬೇಡಿ.

ಪ್ರಶ್ನೆ (ಉಡುಪಿ): ದೊಡ್ಡಪತ್ರೆ ಯಾಕೆ ಬೇಡ? ನಾವು ಸಾಂಬ್ರಾಣಿ ಸೊಪ್ಪು ಅಂತೀವಿ, ಮಕ್ಕಳಿಗೆ ಕೆಮ್ಮಿಗೆ ರಸ ಕೊಡ್ತೀವಿ, ತಂಬುಳಿ ಮಾಡ್ತೀವಿ. ಮಕ್ಕಳಿಗೆ ಆಗುವುದು ನಾಯಿಗೆ ಆಗಲ್ವಾ?

ಪಶುವೈದ್ಯರು: ಒಳ್ಳೆ ಪ್ರಶ್ನೆ, ಮನೆಮದ್ದಿನಲ್ಲಿ ಜಾಸ್ತಿ ಎಡವಟ್ಟಾಗೋದು ಇಲ್ಲೇ. ಮನುಷ್ಯರಿಗೆ ಆಗಿದ್ದೆಲ್ಲ ನಾಯಿಗೆ ಆಗಲ್ಲ. ದೊಡ್ಡಪತ್ರೆಯ ಘಾಟಿಗೆ ಕಾರಣವಾದ ಎಣ್ಣೆ ನಾಯಿಯಲ್ಲಿ ವಾಂತಿ, ಭೇದಿ, ಮಂಕು ತರಬಹುದು. ಅಮೆರಿಕದ ಪ್ರಾಣಿ ದಯಾ ಸಂಸ್ಥೆ ಎಎಸ್‌ಪಿಸಿಎ ಪಟ್ಟಿಯಲ್ಲೂ ಅದು ನಾಯಿಗೆ ವಿಷ ಅಂತಲೇ ಇದೆ. ಹಿತ್ತಲಲ್ಲಿ ಒಂದು ಎಲೆ ಕಚ್ಚಿದ್ದಕ್ಕೆ ಗಾಬರಿ ಬೇಡ, ದಿನಾ ಬಿಸ್ಕೆಟ್‌ನಲ್ಲಿ ಬೇಡ ಅಷ್ಟೇ. ಪುದಿನವೂ ಅಷ್ಟೆ, ಚಿಟಿಕೆ ಲೆಕ್ಕದಲ್ಲಿ ಸರಿ, ಹಿಡಿಗಟ್ಟಲೆ ಹಾಕಿದರೆ ಹೊಟ್ಟೆ ಕೆಡುತ್ತದೆ.

ತುಳಸಿ ಒಂದೆರಡು ಎಲೆ, ಸೋಂಪು ಚಿಟಿಕೆ, ಕರಿಬೇವು, ಚೂರು ಅರಿಶಿನ ನಡೆಯುತ್ತದೆ. ಜಾಯಿಕಾಯಿ ಬೇಡವೇ ಬೇಡ. ಪುದಿನ ಚಟ್ನಿ ಉಳಿದಿದೆ ಅಂತ ಅದನ್ನೇ ಹಿಟ್ಟಿಗೆ ಕಲಸಬೇಡಿ, ಅದರಲ್ಲಿ ಉಪ್ಪು, ಹಸಿಮೆಣಸು, ಈರುಳ್ಳಿ ಇರುತ್ತದೆ. ವೀಳ್ಯದೆಲೆ ಬಗ್ಗೆ ಇನ್‌ಬಾಕ್ಸ್‌ನಲ್ಲಿ ಒಬ್ಬರು ಕೇಳಿದ್ದರು. ಎಲೆ ಬೇಕಾಗಿಲ್ಲ, ಅಡಿಕೆಯಂತೂ ಹತ್ತಿರ ಸುಳಿಯಬಾರದು. ಅಡಿಕೆಯ ಅರೆಕೋಲಿನ್ ಹಿಂದೆ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿತ್ತು, ಜೊಲ್ಲು ಸುರಿದು ವಾಂತಿ ಭೇದಿ ಆಗುವಷ್ಟು ಜೋರು ಅದು. ಮಲೆನಾಡು ಕಡೆಯವರು ಅಡಿಕೆ ಒಣಗಿಸುವ ಅಂಗಳದಲ್ಲಿ ಮರಿಗಳನ್ನು ಬಿಡುವಾಗ ನೋಡಿಕೊಳ್ಳಿ.

ಪ್ರಶ್ನೆ (ತುಮಕೂರು): ಬಿಸ್ಕೆಟ್‌ಗೆ ಬೆಳ್ಳುಳ್ಳಿ ಹಾಕಿದರೆ ಉಣ್ಣೆ, ಚಿಗಟನೂ ಹೋಗುತ್ತವೆ, ಬಾಯಿನೂ ಕ್ಲೀನ್ ಆಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜಾನಾ?

ಪಶುವೈದ್ಯರು: ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗಲ್ಲ. ಸ್ವಲ್ಪ ಸ್ವಲ್ಪ ದಿನಾ ಕೊಟ್ಟರೂ ಸೇರುತ್ತಾ ಹೋಗುತ್ತದೆ, ಕೆಲವು ದಿನ ಆದ ಮೇಲೆ ವಸಡು ಬಿಳಿಚಿಕೊಂಡು, ಮೂತ್ರ ಕೆಂಪಗಾಗಿ ನಾಯಿ ಸುಸ್ತು ಹೊಡೆಯುತ್ತದೆ. ಉಣ್ಣೆಗೆ ಉಣ್ಣೆ ಔಷಧಿಯೇ ಬೇಕು.

ಲವಂಗದ ಎಣ್ಣೆ, ಟೀ ಟ್ರೀ ಎಣ್ಣೆ ವಸಡಿಗೆ ಹಚ್ಚುವುದೂ ಬೇಡ. ನಿಮ್ಮ ಟೂತ್‌ಪೇಸ್ಟ್ ಬೇಡ, ನಾಯಿ ಉಗುಳಲ್ಲ, ಎಲ್ಲ ನುಂಗುತ್ತದೆ, ಅದರಲ್ಲಿ ಫ್ಲೋರೈಡ್ ಇದೆ, ನೊರೆ ಬರಿಸುವ ಸೋಪಿನಂಶ ಇದೆ, ಕೆಲವದರಲ್ಲಿ ನಾಯಿಗೆ ವಿಷವಾಗುವ ಜೈಲಿಟಾಲ್ ಅನ್ನುವ ಸಿಹಿ ಪದಾರ್ಥ ಕೂಡ ಇರುತ್ತದೆ.

ಪ್ರಶ್ನೆ (ನ್ಯೂಜೆರ್ಸಿ): ಸರ್, ನಾವು ಇಲ್ಲಿ ಬಿಸ್ಕೆಟ್‌ಗೆ ಪೀನಟ್ ಬಟರ್ ಹಾಕ್ತೀವಿ, ಬೀಗಲ್‌ಗೆ ಅದು ಅಂದ್ರೆ ಪ್ರಾಣ. ಅದು ಓಕೆನಾ?

ಪಶುವೈದ್ಯರು: ಡಬ್ಬಿಯ ಹಿಂದೆ ಓದಿ. ಬರೀ ಕಡಲೆಕಾಯಿ ಇದ್ದರೆ ಒಂದು ಟೀ ಚಮಚ ಪರವಾಗಿಲ್ಲ. ಜೈಲಿಟಾಲ್ ಅಥವಾ ಅದರ ಇನ್ನೊಂದು ಹೆಸರಾದ ಬರ್ಚ್ ಶುಗರ್ ಅಂತ ಬರೆದಿದ್ದರೆ ಆ ಡಬ್ಬಿಯನ್ನು ನಾಯಿಗೆ ಸಿಗದಂತೆ ಎತ್ತಿಡಿ. ಅಲ್ಲಿ ಸಿಗುವ ಕೆಲವು ಸಕ್ಕರೆರಹಿತ ಪೀನಟ್ ಬಟರ್‌ಗಳಲ್ಲಿ ಅದು ಇರುತ್ತದೆ. ಮನುಷ್ಯರಿಗೆ ಏನೂ ಆಗಲ್ಲ, ನಾಯಿಯಲ್ಲಿ ಮಾತ್ರ ಇನ್ಸುಲಿನ್ ಒಮ್ಮೆಲೇ ಏರಿ ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು, ಆಮೇಲೆ ಲಿವರ್ ಕೈಕೊಡಬಹುದು. ತಿಂದಿದೆ ಅಂತ ಗೊತ್ತಾದರೆ ಲಕ್ಷಣ ಕಾಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬಿಸ್ಕೆಟ್‌ಗೆ ಬೇಡ.

ಪ್ರಶ್ನೆ (ಮೈಸೂರು): ನಮ್ಮ ಪೊಮೇರಿಯನ್‌ಗೆ 11 ವರ್ಷ. ಬಾಯಿಂದ ಒಂಥರಾ ಮೂತ್ರದ ವಾಸನೆ ಬರುತ್ತದೆ. ನೀರು ಜಾಸ್ತಿ ಕುಡಿಯುತ್ತಾಳೆ, ಸಣ್ಣಗಾಗಿದ್ದಾಳೆ. ಈ ಬಿಸ್ಕೆಟ್ ಕೊಡಲಾ?

ಪಶುವೈದ್ಯರು: ಬೇಡ, ನಾಳೆಯೇ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ನೀವು ಹೇಳಿದ ಮೂರೂ ಒಟ್ಟಿಗೆ ಬಂದರೆ ಮೊದಲು ಕಿಡ್ನಿ ನೋಡಬೇಕು. ಕಿಡ್ನಿ ಕೆಟ್ಟಾಗ ಯೂರಿಯಾ ಜಾಸ್ತಿಯಾಗಿ ಬಾಯಿ ಅಮೋನಿಯಾ ವಾಸನೆ ಹೊಡೆಯುತ್ತದೆ. ನೀರು ಕುಡಿಯೋದು, ತೂಕ ಇಳಿಯೋದು ಸಕ್ಕರೆ ಕಾಯಿಲೆಯಲ್ಲೂ ಇದೆ, ಅದು ಹದಗೆಟ್ಟಾಗ ವಾಸನೆ ಹಣ್ಣಿನ ಹಾಗೆ, ಸಿಹಿಯಾಗಿ ಬರುತ್ತದೆ. ಮೂಗಿಗೆ ಬಂದದ್ದನ್ನು ನಂಬಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ರಿಪೋರ್ಟ್ ಬರುವ ತನಕ ಯಾವ ಹೊಸ ತಿಂಡಿಯೂ ಬೇಡ. ನೀರು ಮಾತ್ರ ಕಡಿಮೆ ಮಾಡಬೇಡಿ, ಕುಡಿಯುವಷ್ಟು ಕುಡಿಯಲಿ.

ಪ್ರಶ್ನೆ (ಬೆಂಗಳೂರು): ಬಿಸ್ಕೆಟ್ ಗಟ್ಟಿಯಾಗಿದ್ದರೆ ಅಗಿಯುವಾಗ ಕಿಟ್ಟ ಉದುರಲ್ವಾ? ಮೂಳೆ ಕೊಟ್ಟರೆ ಇನ್ನೂ ಒಳ್ಳೆಯದು ಅಂತಾರೆ. ಅರಿವಳಿಕೆ ಕೊಡದೆ ಮನೆಗೇ ಬಂದು ಹಲ್ಲು ಕ್ಲೀನ್ ಮಾಡುವವರೂ ಇದ್ದಾರಂತೆ.

ಪಶುವೈದ್ಯರು: ಬಿಸ್ಕೆಟ್ ಹಲ್ಲಿನ ತುದಿ ತಾಗಿದ ತಕ್ಷಣ ಒಡೆಯುತ್ತದೆ, ಕಿಟ್ಟ ಇರೋದು ಬುಡದಲ್ಲಿ. ಅಲ್ಲಿಗೆ ತಾಗೋದೇ ಇಲ್ಲ, ಬದಲಿಗೆ ಹಿಟ್ಟು ಅಂಟಿಕೊಳ್ಳುತ್ತದೆ. ಹಾಗಂತ ಕಲ್ಲಿನ ಹಾಗೆ ಗಟ್ಟಿ ಮಾಡಲೂ ಬೇಡಿ. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಯಾವುದನ್ನೂ ನಾಯಿಗೆ ಅಗಿಯಲು ಕೊಡಬಾರದು. ಮೂಳೆ, ಗೊರಸು, ಜಿಂಕೆ ಕೊಂಬು ಎಲ್ಲ ಅದರಲ್ಲೇ ಬಂತು. ಕಣ್ಣಿನ ಕೆಳಗಿನ ಆ ದವಡೆ ಹಲ್ಲು ಸೀಳಿಕೊಂಡು ಬರುವ ನಾಯಿಗಳನ್ನು ನೋಡುತ್ತಲೇ ಇರುತ್ತೇನೆ. ಬೇರಿನಲ್ಲಿ ಕೀವಾಗಿ ಕಣ್ಣಿನ ಕೆಳಗೆ ಊದಿದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. ಬೇಯಿಸಿದ ಮೂಳೆಯಂತೂ ಚೂಪಾಗಿ ಸಿಗಿದು ಗಂಟಲು, ಕರುಳು ಚುಚ್ಚುತ್ತದೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ವಿಒಹೆಚ್‌ಸಿ ಮುದ್ರೆ ಇದೆಯಾ ನೋಡಿ. ಅದು ಅಮೆರಿಕದಲ್ಲಿ 1997ರಲ್ಲಿ ಶುರುವಾದ ಪ್ರಾಣಿಗಳ ಬಾಯಿ ಆರೋಗ್ಯದ ಮಂಡಳಿ, ಪಾಚಿ ಅಥವಾ ಕಿಟ್ಟ ಕಡಿಮೆಯಾಗುತ್ತದೆ ಅಂತ ಪ್ರಯೋಗದಲ್ಲಿ ತೋರಿಸಿದ ಪದಾರ್ಥಕ್ಕೆ ಮಾತ್ರ ಮುದ್ರೆ ಕೊಡುತ್ತದೆ. ದುಡ್ಡು ಉಳಿಸಬೇಕಾ, ಹಲ್ಲುಜ್ಜಿ. ನಾಯಿಗೆಂದೇ ಮಾಡಿದ ಪೇಸ್ಟ್, ಮೆತ್ತನೆ ಬ್ರಷ್, ಇಲ್ಲವೇ ಬೆರಳಿಗೆ ಸುತ್ತಿದ ಗಾಜ್ ಬಟ್ಟೆ ಸಾಕು. ಮೊದಲ ವಾರ ಬರೀ ತುಟಿ ಎತ್ತಿ ಬಿಡಿ, ಪೇಸ್ಟ್ ನೆಕ್ಕಿಸಿ, ಆಮೇಲೆ ಒಂದೆರಡು ಹಲ್ಲು, ಹೀಗೆ ಅಭ್ಯಾಸ ಮಾಡಿಸಿ. ಹೊರಗಿನ ಮುಖ ಉಜ್ಜಿದರೆ ಬಹುತೇಕ ಕೆಲಸ ಆಯಿತು, ಒಳಭಾಗವನ್ನು ನಾಲಗೆ ಸಾಕಷ್ಟು ಒರೆಸುತ್ತದೆ. ದಿನಕ್ಕೊಮ್ಮೆ ಉಜ್ಜಬೇಕು, ಯಾಕಂದ್ರೆ ಪಾಚಿ ಗಟ್ಟಿಯಾಗಲು ಎರಡು ಮೂರು ದಿನ ಸಾಕು ಅಂದೆನಲ್ಲ. ಉಜ್ಜಿದ ಮೇಲೆ ಈ ಬಿಸ್ಕೆಟ್ ಒಂದು ಚೂರು ಬಹುಮಾನವಾಗಿ ಕೊಡಿ. ಅದಕ್ಕೇ ಬಿಸ್ಕೆಟ್ ಬೇಡ ಅಂತ ನಾನು ಹೇಳುವುದಿಲ್ಲ, ಅದರ ಆಸೆಗೆ ನಾಯಿ ತಾನಾಗಿ ಬಂದು ಕೂರುತ್ತದೆ.

ಅರಿವಳಿಕೆ ಇಲ್ಲದ ಕ್ಲೀನಿಂಗ್ ಬೇಡ. ಮೇಲಿನ ಕಿಟ್ಟ ಕೆರೆದು ಹಲ್ಲು ಬೆಳ್ಳಗೆ ಕಾಣಿಸುತ್ತಾರೆ, ವಸಡಿನ ಒಳಗಿನದ್ದು ಹಾಗೇ ಉಳಿಯುತ್ತದೆ, ಎಚ್ಚರ ಇರುವ ನಾಯಿಯ ವಸಡಿನೊಳಗೆ ಉಪಕರಣ ಹಾಕಲು ಆಗಲ್ಲ. ಮನೆಯವರು ಸಮಾಧಾನದಿಂದ ಇರುತ್ತಾರೆ, ಒಳಗೆ ಮೂಳೆ ಕರಗುತ್ತಿರುತ್ತದೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಪ್ರಶ್ನೆ (ಸಾಗರ): ನಮ್ಮಲ್ಲಿ ಮಳೆಗಾಲ ಜೋರು. ಮಾಡಿಟ್ಟ ಬಿಸ್ಕೆಟ್ ಎಷ್ಟು ದಿನ ಇಡಬಹುದು?

ಪಶುವೈದ್ಯರು: ಗುಂಬಳ, ಸೊಪ್ಪು ಇರೋದರಿಂದ ಹೊರಗೆ ಇಡಬೇಡಿ. ಫ್ರಿಜ್‌ನಲ್ಲಿ ಒಂದು ವಾರ, ಉಳಿದದ್ದು ಫ್ರೀಜರ್‌ಗೆ. ಬೂಷ್ಟು ಹಿಡಿದರೆ ಆ ಭಾಗ ಕೆರೆದು ಕೊಡಬೇಡಿ, ಡಬ್ಬಿ ಪೂರ್ತಿ ಎಸೆಯಿರಿ, ತಿಪ್ಪೆಗೂ ಬೇಡ, ನಾಯಿ ಅಲ್ಲಿಗೂ ಹೋಗುತ್ತದೆ. ಬೂಷ್ಟಿನ ವಿಷಕ್ಕೆ ನಾಯಿಗೆ ನಡುಕ, ಫಿಟ್ಸ್ ಬರಬಹುದು.

ಹಾಸನದ ಸದಸ್ಯರು: ಡಾಕ್ಟ್ರೇ, ತುಟಿ ಎತ್ತಿ ನೋಡಿದೆ, ಫೋಟೋ ಹಾಕಿದ್ದೇನೆ. ಬಲಗಡೆ ಕಂದು ಕಿಟ್ಟ ಅರ್ಧ ಹಲ್ಲು ಮುಚ್ಚಿದೆ, ಒರೆಸಿದರೆ ಬಟ್ಟೆಗೆ ರಕ್ತ ಬಂತು. ಎಡಗಡೆ ಅಷ್ಟಿಲ್ಲ. ಈಗ ಬ್ರಷ್ ಶುರು ಮಾಡಲಾ?

ಪಶುವೈದ್ಯರು: ಫೋಟೋ ನೋಡಿದೆ. ಬ್ರಷ್ ಈಗ ಬೇಡ, ಅವನಿಗೆ ನೋಯುತ್ತದೆ, ಈಗ ನೋಯಿಸಿದರೆ ಮುಂದೆ ಬಾಯಿ ಮುಟ್ಟಲೂ ಬಿಡಲ್ಲ. ಮೊದಲು ಅರಿವಳಿಕೆಯಲ್ಲಿ ಸ್ಕೇಲಿಂಗ್, ಅಂದರೆ ವಸಡಿನ ಒಳಗಿನ ತನಕ ಕಿಟ್ಟ ತೆಗೆಯೋದು, ಆಗಬೇಕು, ಜೊತೆಗೆ ಹಲ್ಲಿನ ಎಕ್ಸ್‌ರೇ ಸಿಕ್ಕಿದರೆ ಇನ್ನೂ ಒಳ್ಳೆಯದು, ಒಂದೆರಡು ಹಲ್ಲು ಕೀಳಬೇಕಾದರೂ ಹೆದರಬೇಡಿ, ನಾಯಿಗೆ 42 ಹಲ್ಲಿದೆ, ನೋವಿನ ಹಲ್ಲು ಹೋದರೆ ಚೆನ್ನಾಗಿಯೇ ತಿನ್ನುತ್ತದೆ. ನಿಮ್ಮ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲಿ ವಿಚಾರಿಸಿ. ಹೋಗುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, 6 ವರ್ಷದ ನಾಯಿಗೆ ಅರಿವಳಿಕೆಗೆ ಮುಂಚೆ ಕಿಡ್ನಿ, ಲಿವರ್ ನೋಡಲೇಬೇಕು. ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ, ಬಿಸ್ಕೆಟ್ ಕೂಡ ಊಟದ ಲೆಕ್ಕವೇ, ಮನೆಯ ಮಕ್ಕಳಿಗೂ ಹೇಳಿಡಿ. ಅಲ್ಲಿಯವರೆಗೆ ಮೆತ್ತನೆ ಊಟ ಕೊಡಿ. ಸ್ಕೇಲಿಂಗ್ ಆಗಿ, ವಸಡು ಮಾಗಿದೆ ಅಂತ ಅಲ್ಲಿನ ಡಾಕ್ಟರ್ ಹೇಳಿದ ಮೇಲೆ ಬ್ರಷ್ ಮತ್ತು ಬಿಸ್ಕೆಟ್ ಎರಡನ್ನೂ ಒಟ್ಟಿಗೆ ಶುರು ಮಾಡಿ.